ಹತ್ತಿಕಡ್ಡಿಯಿಂದ ಮೊಹರಿನ ಲಕೋಟೆಯವರೆಗೆ: ಪಿತೃತ್ವ ಪರೀಕ್ಷೆ ನಡೆಯುವ ಬಗೆ

ಕೂಸಿನ ಬಾಯಿಗೆ ಹತ್ತಿಕಡ್ಡಿ ಇಡುವ ಮೊದಲು ತಾಯಿಯನ್ನು ಕೇಳುವುದು ಒಂದೇ ಮಾತು: ‘ಹಾಲು ಕೊಟ್ಟು ಎಷ್ಟು ಹೊತ್ತಾಯ್ತಮ್ಮ?’ ‘ಈಗ ಹೊರಗೆ ಬೆಂಚಿನ ಮೇಲೆ ಕೂತು ಕೊಟ್ಟೆ ಸಾರ್’ ಎಂದರೆ ಕಡ್ಡಿಯ ಪೊಟ್ಟಣ ಬಿಚ್ಚುವುದೇ ಇಲ್ಲ. ಒಂದು ಗಂಟೆ ಕೂರಿಸುತ್ತೇವೆ, ಆಮೇಲೆ ಒದ್ದೆ ಗಾಜ್‌ನಿಂದ ಮಗುವಿನ ಬಾಯಿ ಒರೆಸುತ್ತೇವೆ. ಎದೆಹಾಲಿನಲ್ಲಿ ತಾಯಿಯ ಜೀವಕೋಶಗಳಿರುತ್ತವೆ. ಅವು ಕಡ್ಡಿಗೆ ಅಂಟಿಕೊಂಡರೆ ಮಗುವಿನ ಡಿಎನ್‌ಎ ನಕ್ಷೆಯಲ್ಲಿ ಒಂದೊಂದು ಜಾಗದಲ್ಲಿ ಎರಡು ಗೆರೆ ಇರಬೇಕಾದಲ್ಲಿ ಮೂರು ಏಳುತ್ತವೆ. ಆ ಮೂರನೆಯದು ತಾಯಿಯದೇ ಎಂದು ಗೊತ್ತಾಗುವಷ್ಟರಲ್ಲಿ ಎರಡು ವಾರ ಕಳೆದಿರುತ್ತದೆ, ಕುಟುಂಬವನ್ನು ಮತ್ತೆ ಊರಿನಿಂದ ಕರೆಸಬೇಕಾಗುತ್ತದೆ.

ಪಿತೃತ್ವ ಪರೀಕ್ಷೆ ಎಂದರೆ ದೊಡ್ಡ ಯಂತ್ರ, ಕಂಪ್ಯೂಟರ್ ಪರದೆ ಎಂದು ಜನ ಅಂದುಕೊಂಡಿರುತ್ತಾರೆ. ಯಂತ್ರ ತಪ್ಪುವುದು ಅಪರೂಪ, ತಪ್ಪಿದರೂ ಸಿಕ್ಕಿಬೀಳುತ್ತದೆ. ಕೆಡುವುದೆಲ್ಲ ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲಿ, ಮಾದರಿ ತೆಗೆಯುವ ಮೇಜಿನ ಮೇಲೆ.

ಆ ಮೇಜಿನವರೆಗೆ ಬರುವುದೇ ಸುಲಭವಲ್ಲ. ನಮ್ಮ ಪ್ರಯೋಗಾಲಯಕ್ಕೆ ಬರುವ ಬಹುಪಾಲು ಪ್ರಕರಣ ಜೀವನಾಂಶದ್ದು, ವಿಚ್ಛೇದನದ್ದು, ಇಲ್ಲವೇ ಪೋಕ್ಸೊದಂಥ ಪೊಲೀಸ್ ಕೇಸು. ಕೋರ್ಟಿನ ಆದೇಶ ಅಥವಾ ತನಿಖಾಧಿಕಾರಿಯ ಪತ್ರವಿಲ್ಲದೆ ಸರ್ಕಾರಿ ಪ್ರಯೋಗಾಲಯ ಮಾದರಿಯನ್ನು ಮುಟ್ಟುವುದಿಲ್ಲ. ಕೋರ್ಟೂ ಕೇಳಿದ ಕೂಡಲೇ ಆದೇಶ ಕೊಡುವುದಿಲ್ಲ. ಕಾನೂನಿನ ಪ್ರಕಾರ ಸಿಂಧುವಾದ ಮದುವೆ ಊರ್ಜಿತವಾಗಿರುವಾಗ, ಅಥವಾ ಅದು ಮುರಿದು 280 ದಿನಗಳೊಳಗೆ ತಾಯಿ ಮರುಮದುವೆಯಾಗದೆ ಹೆತ್ತ ಮಗು ಗಂಡನದೇ ಎಂದು ಕಾನೂನು ಹೇಳುತ್ತದೆ. 1872ರ ಸಾಕ್ಷ್ಯ ಅಧಿನಿಯಮದ 112ನೇ ಕಲಂ ಇದು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಂ ಆಗಿದೆ. ಗರ್ಭ ನಿಂತಿರಬಹುದಾದ ಸಮಯದಲ್ಲಿ ಗಂಡಹೆಂಡಿರು ಕೂಡಲು ಅವಕಾಶವೇ ಇರಲಿಲ್ಲ ಎಂದು ತೋರಿಸಿದರೆ ಮಾತ್ರ ಈ ಬೀಗ ತೆರೆಯುತ್ತದೆ. ಸುಮ್ಮನೆ ಸಂಶಯ ಬಂತೆಂದು ರಕ್ತ ಪರೀಕ್ಷೆಗೆ ಕಳಿಸಬಾರದು ಎಂದು ಸುಪ್ರೀಂ ಕೋರ್ಟ್ 1993ರ ಗೌತಮ್ ಕುಂಡು ಪ್ರಕರಣದಲ್ಲೇ ಹೇಳಿತ್ತು. 2014ರ ನಂದಲಾಲ್ ಬಡವಾಯಿಕ್ ಪ್ರಕರಣದಲ್ಲಿ ಇನ್ನೊಂದು ಮಗ್ಗುಲು ಬಂತು: ಪರೀಕ್ಷೆ ಆಗಿಹೋಗಿದೆ, ವರದಿ ಸರಿಯಿದೆ ಎಂದಾದರೆ ಕಾನೂನಿನ ಊಹೆಗಿಂತ ವಿಜ್ಞಾನದ ಮಾತೇ ಮೇಲು. ಈ ಎರಡರ ನಡುವೆಯೇ ವಕೀಲರ ಜಗ್ಗಾಟ ಇವತ್ತಿಗೂ ನಡೆಯುತ್ತಿದೆ.

ಅಂತರಜಾಲದಲ್ಲಿ ಕಿಟ್ ತರಿಸಿ, ಮನೆಯಲ್ಲೇ ಕೆನ್ನೆ ಉಜ್ಜಿ, ಕೊರಿಯರ್‌ನಲ್ಲಿ ಕಳಿಸುವ ಪರೀಕ್ಷೆಗಳೂ ಇವೆ. ಮನಸ್ಸಿನ ಸಮಾಧಾನಕ್ಕೆ ಎಂದು ಮಾರುತ್ತಾರೆ. ಕಡ್ಡಿ ಯಾರ ಬಾಯಿಗೆ ಹೋಯಿತೆಂದು ನೋಡಿದವರು ಯಾರೂ ಇಲ್ಲದ ಮೇಲೆ ಕೋರ್ಟಿನಲ್ಲಿ ಆ ಕಾಗದ ನಿಲ್ಲುವುದಿಲ್ಲ. ಅದು ಕೊಡುವ ಸಮಾಧಾನವೂ ಎಂಥದೆಂದು ನಮಗೆ ಅನುಮಾನವೇ.

ಮೇಜಿಗೆ ಬರೋಣ. ತಾಯಿ, ಮಗು, ತಂದೆ ಎನ್ನಲಾದ ವ್ಯಕ್ತಿ, ಮೂವರೂ ಒಂದೇ ಹೊತ್ತಿಗೆ ಒಂದೇ ಕೋಣೆಯಲ್ಲಿರಬೇಕು. ಮುಖ ನೋಡಲು ಒಲ್ಲೆವೆಂದರೂ ಸರಿ, ಒಬ್ಬರನ್ನೊಬ್ಬರು ಗುರುತಿಸಿ ಸಹಿ ಹಾಕಲೇಬೇಕು. ಕಾರಣ ಸರಳ: ತನ್ನ ಬದಲು ಗೆಳೆಯನನ್ನೋ ಚಿಕ್ಕಪ್ಪನ ಮಗನನ್ನೋ ಕಳಿಸುವ ಗಂಡಸರಿದ್ದಾರೆ. ಗುರುತಿನ ನಮೂನೆಯ ಮೇಲೆ ಫೋಟೊ ಅಂಟಿಸಿ, ಅರ್ಧ ಫೋಟೊ ಮೇಲೆ ಅರ್ಧ ಕಾಗದದ ಮೇಲೆ ಬರುವಂತೆ ಸಹಿ, ಹೆಬ್ಬೆಟ್ಟು, ಸಾಕ್ಷಿಗಳ ಸಹಿ, ವೈದ್ಯರ ಸಹಿ. ಮಗುವಿನ ಕಾಲಿನ ಗುರುತನ್ನೂ ಒತ್ತಿಸಿಕೊಳ್ಳುವುದುಂಟು.

ರಕ್ತವಾದರೆ 2ರಿಂದ 3 ಮಿಲಿಲೀಟರ್ ಸಾಕು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲೇ ತೆಗೆಯಬೇಕು. ಆಸ್ಪತ್ರೆಯಲ್ಲಿ ಕೈಗೆ ಸಿಕ್ಕಿತೆಂದು ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನಲ್ಲಿ ಹಿಡಿದು ಕಳಿಸುತ್ತಾರೆ. ಹೆಪಾರಿನ್ ಮುಂದೆ ಪಿಸಿಆರ್ ಕ್ರಿಯೆಗೆ, ಎಂದರೆ ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಕೆಲಸಕ್ಕೆ, ಅಡ್ಡ ಬರುತ್ತದೆ, ತೊಳೆದು ತೆಗೆಯುವುದು ತಲೆನೋವು. ಟ್ಯೂಬಿಗಿಂತ ಎಫ್‌ಟಿಎ ಕಾರ್ಡ್ ನಮಗೆ ಇಷ್ಟ. ಕಾಗದದಲ್ಲಿರುವ ರಾಸಾಯನಿಕವೇ ಕೋಶವನ್ನು ಒಡೆದು, ಸೂಕ್ಷ್ಮಜೀವಿಗಳನ್ನು ಕೊಂದು ಡಿಎನ್‌ಎಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನಾಲ್ಕು ಹನಿ ಬಿಟ್ಟು, ನೆರಳಿನಲ್ಲಿ ಎರಡು ಮೂರು ಗಂಟೆ ಒಣಗಿಸಿದರೆ ಫ್ರಿಜ್ಜೂ ಬೇಡ, ಐಸೂ ಬೇಡ. ಬಿಸಿಲಿಗೆ ಇಡಬಾರದು, ಹೇರ್ ಡ್ರೈಯರ್ ಹಿಡಿಯಬಾರದು. ಒಣಗಿದ ಮೇಲೆ ಕಾಗದದ ಲಕೋಟೆಗೇ ಹಾಕಬೇಕು. ಒದ್ದೆ ಕಾರ್ಡನ್ನೋ ಕಡ್ಡಿಯನ್ನೋ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿದರೆ, ಅದರಲ್ಲೂ ಮಳೆಗಾಲದಲ್ಲಿ ಕರಾವಳಿಯ ಕಡೆಯಿಂದ ಬರುವಂಥದ್ದಾದರೆ, ತೆರೆದಾಗ ಸಿಗುವುದು ಬೂಷ್ಟು. ಒಳಗಿನ ಡಿಎನ್‌ಎ ಚೂರುಚೂರಾಗಿರುತ್ತದೆ.

ಕೆನ್ನೆಯ ಒಳಭಾಗದ ಸ್ವಾಬ್ ನೋವಿಲ್ಲದ್ದು, ಮಕ್ಕಳಿಗೆ ಒಳ್ಳೆಯದು. ಎರಡೂ ಕಡೆ, ಒಂದೊಂದು ಕಡ್ಡಿಯನ್ನು ತಿರುಗಿಸುತ್ತ ಅರ್ಧ ನಿಮಿಷ ಒತ್ತಿ ಉಜ್ಜಬೇಕು. ಜೊಲ್ಲು ಒದ್ದೆ ಮಾಡಿಕೊಂಡರೆ ಸಾಲದು, ಕೆನ್ನೆಯ ಚರ್ಮದ ಕೋಶಗಳು ಬರಬೇಕು. ದೊಡ್ಡವರ ವಿಷಯದಲ್ಲಿ ನಮ್ಮ ಕಡೆಯ ತೊಂದರೆಯೇ ಬೇರೆ: ಎಲೆಅಡಿಕೆ, ಗುಟ್ಕಾ. ಅಡಿಕೆಯ ಒಗರು ಪದಾರ್ಥಗಳು ಪಿಸಿಆರ್‌ಗೆ ವೈರಿ. ಬಾಯಿ ಚೆನ್ನಾಗಿ ಮುಕ್ಕಳಿಸಿ ಒಂದು ಗಂಟೆ ಬಿಟ್ಟು ತೆಗೆಯುತ್ತೇವೆ, ಆದರೂ ಕಡ್ಡಿ ಕೆಂಪಾಗಿಯೇ ಬಂದರೆ ರಕ್ತವನ್ನೇ ತೆಗೆಯುವುದು ವಾಸಿ.

ಇದರ ಜೊತೆಗೆ ಮೂರು ಪ್ರಶ್ನೆ ಕೇಳಿ ನಮೂನೆಯಲ್ಲಿ ಬರೆದುಕೊಳ್ಳಲೇಬೇಕು. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದೀರಾ? ಮೂರು ತಿಂಗಳೊಳಗೆ ಹಾಕಿಸಿಕೊಂಡಿದ್ದರೆ ರಕ್ತ ಬಿಟ್ಟು ಸ್ವಾಬ್ ತೆಗೆಯುತ್ತೇವೆ. ಅಸ್ಥಿಮಜ್ಜೆ ಕಸಿ ಆಗಿದೆಯೇ? ಆಗಿದ್ದರೆ ಆ ಮನುಷ್ಯನ ರಕ್ತ ಜೀವನಪರ್ಯಂತ ದಾನಿಯ ಡಿಎನ್‌ಎಯನ್ನೇ ತೋರಿಸುತ್ತದೆ, ಕೆನ್ನೆಯ ಸ್ವಾಬಿನಲ್ಲೂ ದಾನಿಯ ಬಿಳಿ ರಕ್ತಕಣ ಬೆರೆತಿರುತ್ತದೆ. ಅಂಥವರಿಂದ ಬುಡಸಹಿತ ಕಿತ್ತ ಕೂದಲು ಬೇಕು. ಅವಳಿ ಸೋದರ ಇದ್ದಾನೆಯೇ? ತದ್ರೂಪಿ ಅವಳಿಯಾಗಿದ್ದರೆ ನಾವು ಮಾಡುವ ಪರೀಕ್ಷೆ ಇಬ್ಬರನ್ನೂ ಒಂದೇ ಎಂದು ಹೇಳುತ್ತದೆ. ಮೂರನೆಯ ಪ್ರಶ್ನೆಗೆ ಜನ ನಗುತ್ತಾರೆ. ನಗಲಿ.

ಲೇಬಲ್ ಬರೆಯುವುದು ಟ್ಯೂಬ್ ಕೈಯಲ್ಲಿರುವಾಗಲೇ, ಒಬ್ಬರದು ಮುಗಿಸಿಯೇ ಇನ್ನೊಬ್ಬರದು. ಮೂರನ್ನೂ ತೆಗೆದಿಟ್ಟು ಆಮೇಲೆ ಸಾಲಾಗಿ ಬರೆಯಲು ಕೂತರೆ ಅದಲುಬದಲು ಆಗುತ್ತದೆ. ತಾಯಿಯದೂ ಗಂಡಸಿನದೂ ಅದಲಾದರೆ ನಾವು ಹಿಡಿದುಬಿಡುತ್ತೇವೆ, ಏಕೆಂದರೆ ಕಿಟ್‌ನಲ್ಲಿ ಅಮೆಲೊಜೆನಿನ್ ಎಂಬ ಗುರುತಿದೆ, ಅದು ಹೆಣ್ಣೋ ಗಂಡೋ ಹೇಳುತ್ತದೆ. ಗಂಡಸಿನದೂ ಗಂಡುಮಗುವಿನದೂ ಅದಲಾದರೆ ಅದು ಸುಮ್ಮನಿರುತ್ತದೆ. ಕೊನೆಗೆ ಅರಗಿನ ಮೊಹರು, ಅದೇ ಮೊಹರಿನ ಒಂದು ಅಚ್ಚು ಬೇರೆ ಕಾಗದದ ಮೇಲೆ. ಪ್ರಯೋಗಾಲಯದ ಕಿಟಕಿಯಲ್ಲಿ ಪಾರ್ಸೆಲ್ ಮೇಲಿನ ಮೊಹರನ್ನೂ ಈ ಅಚ್ಚನ್ನೂ ತಾಳೆ ನೋಡಿ, ಹೊಂದದಿದ್ದರೆ ತಂದವರ ಕೈಯಲ್ಲೇ ವಾಪಸ್ ಕಳಿಸುತ್ತಾರೆ.

ಇಲ್ಲಿ ಒಂದು ಮಾತು. ‘ಮಗುವಿನ ಬ್ಲಡ್ ಗ್ರೂಪ್ ನನ್ನದೂ ಅಲ್ಲ, ಅವಳದೂ ಅಲ್ಲ, ಇನ್ನೇನು ಬೇಕು?’ ಎಂದು ಚೀಟಿ ಹಿಡಿದು ಬರುವವರು ಬಹಳ. ತಂದೆ ಎ, ತಾಯಿ ಬಿ, ಮಗು ಓ: ಇದು ತೀರ ಸಹಜ. ಇಬ್ಬರೂ ಒಳಗೆ ಓ ಅಂಶವನ್ನು ಹೊತ್ತಿದ್ದರೆ ಸಾಕು. ಇಬ್ಬರೂ ಪಾಸಿಟಿವ್ ಆಗಿ ಮಗು ನೆಗೆಟಿವ್ ಆಗುವುದೂ ಹಾಗೆಯೇ. ವಿಜ್ಞಾನಿ ಲ್ಯಾಂಡ್‌ಸ್ಟೈನರ್ ಕಳೆದ ಶತಮಾನದ ಮೊದಲಲ್ಲೇ ರಕ್ತದ ಗುಂಪು ಕಂಡುಹಿಡಿದ. ಅದು ವಂಶದಲ್ಲಿ ಇಳಿಯುವ ಕ್ರಮ 1920ರ ದಶಕದ ಹೊತ್ತಿಗೆ ಸ್ಪಷ್ಟವಾಯಿತು, ಕೋರ್ಟುಗಳು ಬಳಸತೊಡಗಿದವು. ಆದರೆ ಅದು ‘ಇವನಲ್ಲ’ ಎನ್ನಬಲ್ಲದೇ ಹೊರತು ‘ಇವನೇ’ ಎನ್ನಲಾರದು. 1940ರ ದಶಕದಲ್ಲಿ ಚಾರ್ಲಿ ಚಾಪ್ಲಿನ್ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ನಡೆದ ಮೊಕದ್ದಮೆಯಲ್ಲಿ ಅವನದು ಓ, ತಾಯಿಯದು ಎ, ಮಗುವಿನದು ಬಿ. ರಕ್ತ ಅವನಲ್ಲ ಎಂದಿತು. ಜ್ಯೂರಿ ಅವನೇ ಎಂದಿತು, ಅವನು ಜೀವನಾಂಶ ಕಟ್ಟಿದ.

‘ಇವನಲ್ಲ’ ಎನ್ನುವಲ್ಲೂ ನಮ್ಮ ನೆಲದ ಒಂದು ಬಲೆ ಇದೆ. 1952ರಲ್ಲಿ ಮುಂಬೈಯಲ್ಲಿ ವೈದ್ಯ ಭೇಂಡೆ ಮತ್ತು ಸಂಗಡಿಗರು ವರದಿ ಮಾಡಿದ ಬಾಂಬೆ ಗುಂಪು. ಇವರ ರಕ್ತ ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತದೆ. ಒಳಗೆ ಎ ಅಥವಾ ಬಿ ಜೀನ್ ಇರುತ್ತದೆ, ಅದನ್ನು ಹೊರಗೆ ತೋರಿಸಲು ಬೇಕಾದ ಎಚ್ ಪದಾರ್ಥ ಇರುವುದಿಲ್ಲ. ‘ಓ’ ತಂದೆ, ‘ಓ’ ತಾಯಿ, ಮಗು ಬಿ ಎಂದು ಮನೆ ಮುರಿಯುವ ಮೊದಲು ಇದನ್ನು ನೆನೆಯಬೇಕು. ಡಿಎನ್‌ಎ ಪರೀಕ್ಷೆ ಇರುವಾಗ ಗ್ರೂಪಿನ ಚೀಟಿಯನ್ನು ನಾವು ಫೈಲಿಗೂ ಸೇರಿಸುವುದಿಲ್ಲ.

ಡಿಎನ್‌ಎಯಿಂದ ಗುರುತು ಹಿಡಿಯುವ ಈ ದಾರಿಯನ್ನು ತೆರೆದವರು ಇಂಗ್ಲೆಂಡಿನ ಲೆಸ್ಟರ್‌ನ ಅಲೆಕ್ ಜೆಫ್ರೀಸ್, 1984ರಲ್ಲಿ. ಭಾರತಕ್ಕೆ ಇದನ್ನು ಒಗ್ಗಿಸಿದವರು ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿಯ ಲಾಲ್‌ಜಿ ಸಿಂಗ್. ಇಲ್ಲಿ ಕೋರ್ಟ್ ಮೆಟ್ಟಿಲೇರಿದ ಮೊದಲ ಡಿಎನ್‌ಎ ಪಿತೃತ್ವ ಪ್ರಕರಣ ಕೇರಳದ ತಲಶ್ಶೇರಿಯದು. ಆಗಿನ ವಿಧಾನಕ್ಕೆ ರಕ್ತ ಹೆಚ್ಚು ಬೇಕಿತ್ತು, ವಾರಗಟ್ಟಲೆ ಹಿಡಿಯುತ್ತಿತ್ತು. ಈಗ ಬಳಸುವ ಎಸ್‌ಟಿಆರ್ ವಿಧಾನಕ್ಕೆ 1 ನ್ಯಾನೊಗ್ರಾಂ ಡಿಎನ್‌ಎ ಸಾಕು, ಎಂದರೆ ಸುಮಾರು 150 ಜೀವಕೋಶ.

ಎಸ್‌ಟಿಆರ್ ಎಂದರೆ ಡಿಎನ್‌ಎಯಲ್ಲಿ ನಾಲ್ಕು ಅಕ್ಷರದ ಒಂದು ತುಣುಕು ಒಂದರ ಹಿಂದೆ ಒಂದು ಮರುಕಳಿಸುವ ಜಾಗ. ಒಬ್ಬರಲ್ಲಿ 14 ಸಲ, ಇನ್ನೊಬ್ಬರಲ್ಲಿ 17 ಸಲ. ಪ್ರತಿ ಜಾಗದಲ್ಲೂ ಪ್ರತಿಯೊಬ್ಬರಿಗೂ ಎರಡು ಸಂಖ್ಯೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ಹಳೆಯ ಕಿಟ್‌ಗಳು ಇಂಥ 15 ಜಾಗ ನೋಡುತ್ತಿದ್ದವು, ಈಗಿನವು 20ಕ್ಕೂ ಹೆಚ್ಚು.

ಕೆಲಸದ ಕ್ರಮ ಹೀಗೆ. ಎಫ್‌ಟಿಎ ಕಾರ್ಡಿನಿಂದ 1.2 ಮಿಲಿಮೀಟರ್ ಅಗಲದ ಚುಕ್ಕೆ ಕತ್ತರಿಸಿ ತೊಳೆಯುವುದು, ಅಥವಾ ರಕ್ತ, ಸ್ವಾಬ್‌ಗಳನ್ನು ಪ್ರೊಟೀನೇಸ್ ಕೆ ಎಂಬ ಕಿಣ್ವ ಹಾಕಿ 56 ಡಿಗ್ರಿಯಲ್ಲಿ ಕರಗಿಸಿ, ಕಾಂತೀಯ ಮಣಿಗಳಿಗೆ ಡಿಎನ್‌ಎಯನ್ನು ಅಂಟಿಸಿ ಬಿಡಿಸಿಕೊಳ್ಳುವುದು. ಆಮೇಲೆ ಅಳತೆ. ಹೊಸಬರು ಈ ಹಂತವನ್ನು ಹಾರಿಸಲು ನೋಡುತ್ತಾರೆ. ಡಿಎನ್‌ಎ ಜಾಸ್ತಿಯಾದರೆ ಪೀಕ್‌ಗಳು, ಎಂದರೆ ನಕ್ಷೆಯಲ್ಲಿ ಏಳುವ ಮೊನೆಗೆರೆಗಳು, ಪರದೆಯ ಚಾವಣಿಗೆ ಬಡಿದು, ಒಂದು ಬಣ್ಣದ ಪೀಕ್ ಪಕ್ಕದ ಬಣ್ಣದಲ್ಲೂ ನೆರಳು ಬೀಳಿಸುತ್ತದೆ. ಕಡಿಮೆಯಾದರೆ ಎರಡು ಪೀಕ್‌ಗಳಲ್ಲಿ ಒಂದು ಮಾಯವಾಗುತ್ತದೆ, 14,17 ಇರುವ ಮಗು ಬರೀ 14 ಎಂದು ಕಾಣುತ್ತದೆ. ಪಿತೃತ್ವದಲ್ಲಿ ಇದು ಅಪಾಯ, ಏಕೆಂದರೆ ಮಾಯವಾದದ್ದು ತಂದೆಯಿಂದ ಬಂದದ್ದೇ ಆಗಿರಬಹುದು.

ಪಿಸಿಆರ್‌ನಲ್ಲಿ 28 ಸುತ್ತು. ಸುತ್ತಿಗೊಮ್ಮೆ ಇಮ್ಮಡಿಯಾದರೆ ಒಂದು ಪ್ರತಿ 26 ಕೋಟಿ 84 ಲಕ್ಷ ಆಗುತ್ತದೆ. ಇಷ್ಟು ಹೆಚ್ಚಿಸುವ ಕಡೆ ನಮ್ಮ ಸೀನು, ಬೆವರು, ಕೈಗವಸಿನ ತುದಿ ಎಲ್ಲವೂ ಹೆಚ್ಚುತ್ತವೆ. ಅದಕ್ಕೇ ಪಿಸಿಆರ್‌ಗೆ ಮುಂಚಿನ ಕೋಣೆ ಬೇರೆ, ನಂತರದ ಕೋಣೆ ಬೇರೆ, ಎಪ್ರನ್ ಬೇರೆ, ಪಿಪೆಟ್ ಬೇರೆ. ಆ ಕೋಣೆಯಿಂದ ಈ ಕೋಣೆಗೆ ಪೆನ್ನು ಕೂಡ ಬರಬಾರದು. ಪ್ರತಿ ಸರದಿಯಲ್ಲೂ ಮಾದರಿಯೇ ಇಲ್ಲದ ಒಂದು ಖಾಲಿ ಟ್ಯೂಬ್ ಮೊದಲಿನಿಂದ ಕೊನೆಯವರೆಗೆ ಜೊತೆಗೆ ಓಡಬೇಕು. ಅದರಲ್ಲಿ ಪೀಕ್ ಎದ್ದರೆ ಇಡೀ ಸರದಿ ಕಸಕ್ಕೆ. ಉತ್ತರ ಗೊತ್ತಿರುವ ಮಾದರಿಯೂ ಒಂದು ಇರುತ್ತದೆ. ಸಿಬ್ಬಂದಿಯ ಡಿಎನ್‌ಎ ನಕ್ಷೆಗಳನ್ನೂ ಇಟ್ಟುಕೊಂಡಿರುತ್ತೇವೆ, ಗುರುತು ಸಿಗದ ಪೀಕ್ ಬಂದರೆ ಮೊದಲು ನಮ್ಮನ್ನೇ ಹುಡುಕಿಕೊಳ್ಳಬೇಕಲ್ಲ.

ಕೊನೆಗೆ ಕ್ಯಾಪಿಲರಿ. ಕೂದಲಿನಂಥ ಗಾಜಿನ ನಳಿಗೆಯೊಳಗೆ ಪಾಲಿಮರ್, ಅದರಲ್ಲಿ ಡಿಎನ್‌ಎ ತುಣುಕುಗಳು ವಿದ್ಯುತ್ತಿಗೆ ಸಿಕ್ಕಿ ಓಡುತ್ತವೆ, ಚಿಕ್ಕವು ಮುಂದೆ, ದೊಡ್ಡವು ಹಿಂದೆ. ಓಡಿಸುವ ಮೊದಲು ಫಾರ್ಮಮೈಡ್ ಎಂಬ ದ್ರವದಲ್ಲಿ 95 ಡಿಗ್ರಿಗೆ ಮೂರು ನಿಮಿಷ ಕಾಯಿಸಿ ತಟ್ಟನೆ ಮಂಜುಗಡ್ಡೆಗೆ ಇಡಬೇಕು, ಇಲ್ಲದಿದ್ದರೆ ಎರಡೆಳೆ ಬಿಚ್ಚಿಕೊಳ್ಳುವುದಿಲ್ಲ. ಕೋಣೆಯ ಎಸಿ ಮುಖ್ಯ. ಟಿಎಚ್01 ಎಂಬ ಜಾಗದಲ್ಲಿ 9.3 (ಒಂಬತ್ತು ಪೂರ್ತಿ ಮರುಕಳಿಕೆ, ಮೇಲೆ ಮೂರು ಅಕ್ಷರ) ಮತ್ತು 10ರ ನಡುವೆ ಇರುವುದು ಒಂದೇ ಅಕ್ಷರದ ಅಂತರ. ಮಧ್ಯಾಹ್ನ ಕರೆಂಟ್ ಹೋಗಿ ಎಸಿ ನಿಂತು ಕೋಣೆ ಕಾದರೆ ಓಟದ ವೇಗ ಬದಲಾಗಿ ಒಂದು ಇನ್ನೊಂದರಂತೆ ಕಾಣಬಹುದು.

ಪರದೆಯಲ್ಲಿ ಕಾಣುವ ಎಲ್ಲ ಪೀಕೂ ನಿಜವಲ್ಲ. ನಿಜದ ಪೀಕಿನ ಹಿಂದೆ ಒಂದು ಮೆಟ್ಟಿಲು ಕೆಳಗೆ ಸಣ್ಣದೊಂದು ಪೀಕ್ ನೆರಳಿನಂತೆ ಇರುತ್ತದೆ, ಸ್ಟಟರ್ ಎನ್ನುತ್ತೇವೆ. ಪಿಸಿಆರ್ ನಕಲು ಮಾಡುವಾಗ ಎಡವಿ ಒಂದು ಮರುಕಳಿಕೆ ಬಿಟ್ಟದ್ದು. ನಿಜದ ಪೀಕಿನ 15 ಶೇಕಡಾಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೈಬಿಡುತ್ತೇವೆ.

ಈಗ ಓದುವುದು. ಡಿ3ಎಸ್1358 ಎಂಬ ಜಾಗದಲ್ಲಿ ತಾಯಿ 14,17, ಮಗು 14,16. 14 ತಾಯಿಯದು, ಹಾಗಾದರೆ 16 ತಂದೆಯಿಂದಲೇ ಬರಬೇಕು. ಆ ವ್ಯಕ್ತಿ 16,18 ಇದ್ದರೆ ಈ ಜಾಗದಲ್ಲಿ ಹೊಂದಿತು. ಅಷ್ಟಕ್ಕೆ ಸಂತೋಷಪಡುವಂತಿಲ್ಲ, ಊರಲ್ಲಿ 16 ಎಷ್ಟು ಜನರಲ್ಲಿದೆ? ನಮ್ಮ ಜನಸಂಖ್ಯೆಯಲ್ಲಿ ಅದರ ಪಾಲು 0.25 ಎಂದಿಟ್ಟುಕೊಳ್ಳಿ. ಈತ 16 ಕೊಡುವ ಸಾಧ್ಯತೆ 0.5, ದಾರಿಹೋಕನೊಬ್ಬ ಕೊಡುವ ಸಾಧ್ಯತೆ 0.25. ಭಾಗಿಸಿದರೆ 2. ಇದೇ ಆ ಜಾಗದ ಪಿತೃತ್ವ ಸೂಚ್ಯಂಕ. ಈತ 16,16 ಆಗಿದ್ದರೆ 4. ಅಪರೂಪದ ಸಂಖ್ಯೆಯಾಗಿ ಪಾಲು 0.05 ಇದ್ದರೆ 10. ಕೆಲವು ಜಾಗ ಹೊಂದಿಯೂ ಪ್ರಯೋಜನವಿಲ್ಲ: ಟಿಎಚ್01ರಲ್ಲಿ ತಾಯಿಯೂ 6,9, ಮಗುವೂ 6,9 ಆದರೆ ತಂದೆಯಿಂದ ಬಂದದ್ದು 6 ಅಥವಾ 9, ಯಾವುದೂ ಆಗಬಹುದು. ಆ ವ್ಯಕ್ತಿ 9,9.3 ಇದ್ದು, 6 ಮತ್ತು 9ರ ಒಟ್ಟು ಪಾಲು 0.55 ಆದರೆ ಸೂಚ್ಯಂಕ 0.91, ಒಂದಕ್ಕಿಂತಲೂ ಕಡಿಮೆ.

ಎಲ್ಲ ಜಾಗಗಳ ಸೂಚ್ಯಂಕವನ್ನು ಗುಣಿಸುತ್ತ ಹೋಗಬೇಕು. 20 ಜಾಗದಲ್ಲೂ ಬರೀ 2 ಬಂದರೂ ಗುಣಲಬ್ಧ ಹತ್ತು ಲಕ್ಷ ದಾಟುತ್ತದೆ. ಅದನ್ನು ಅದಕ್ಕಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗಿಸಿದರೆ ವರದಿಯಲ್ಲಿ ಬರುವ 99.9999 ಶೇಕಡಾ. ಈ ಲೆಕ್ಕ ಒಂದು ಊಹೆಯ ಮೇಲೆ ನಿಂತಿದೆ, ಪರೀಕ್ಷೆಗೆ ಮುಂಚೆ ಆತ ತಂದೆಯಾಗಿರುವ ಸಾಧ್ಯತೆ ಅರ್ಧಕ್ಕರ್ಧ ಎಂದು. ನೂರಕ್ಕೆ ನೂರು ಎಂದು ಬರೆದ ವರದಿ ಕಂಡರೆ ನಂಬಬೇಡಿ.

ನಮ್ಮ ಸೀಮೆಯಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತೊಡಕು. ಅಕ್ಕನ ಮಗಳನ್ನು ತಂದುಕೊಂಡ ಸೋದರಮಾವ, ಅತ್ತೆಯ ಮಗನನ್ನು ಕಟ್ಟಿಕೊಂಡ ಹುಡುಗಿ ಇಲ್ಲಿ ಹೊಸತಲ್ಲ. ಗಂಡಹೆಂಡತಿಯೇ ರಕ್ತಸಂಬಂಧಿಗಳಾದಾಗ ತಾಯಿ ಮತ್ತು ಮಗುವಿನ ಸಂಖ್ಯೆ ಒಂದೇ ಆಗುವ ಜಾಗಗಳು ಹೆಚ್ಚುತ್ತವೆ, ಸೂಚ್ಯಂಕ ಏರುವುದಿಲ್ಲ. ಹಾಗಾಗಿ ನಮೂನೆಯಲ್ಲಿ ‘ಮದುವೆಗೆ ಮುಂಚೆ ನಿಮ್ಮಿಬ್ಬರಿಗೆ ನಂಟೇನು’ ಎಂಬ ಕಾಲಂ ಇರಲೇಬೇಕು, ನಂಟು ಇತ್ತೆಂದಾದರೆ ಹೆಚ್ಚು ಜಾಗ ನೋಡುವ ಕಿಟ್ ಹಿಡಿಯಬೇಕು.

ಹೊಂದದಿದ್ದಾಗ? ತಂದೆಯೇ ಅಲ್ಲದಿದ್ದರೆ ಒಂದೆರಡಲ್ಲ, ಹತ್ತು ಹನ್ನೆರಡು ಜಾಗದಲ್ಲಿ ಮುರಿದುಬೀಳುತ್ತದೆ, ಸಂಶಯಕ್ಕೆ ಎಡೆಯೇ ಇರುವುದಿಲ್ಲ. ನಿದ್ದೆ ಕೆಡಿಸುವುದು ಒಂದೇ ಜಾಗದಲ್ಲಿ ಮುರಿಯುವ ಪ್ರಕರಣ. ಮಗುವಿಗೆ 16 ಬೇಕು, ಅಪ್ಪ 17,18. ವೀರ್ಯಾಣು ತಯಾರಾಗುವಾಗ ಒಂದು ಮೆಟ್ಟಿಲು ಹಿಂದುಮುಂದಾಗುವುದು ನಡೆದೇ ಇರುತ್ತದೆ, ಒಂದು ಜಾಗಕ್ಕೆ ಸಾವಿರಕ್ಕೆ ಒಂದೆರಡು ಸಲದ ಆಸುಪಾಸು. 20 ಜಾಗ ನೋಡುವಾಗ ಅದು ಎಲ್ಲೋ ಒಮ್ಮೆ ಕಣ್ಣಿಗೆ ಬೀಳಲೇಬೇಕು. ಅದಕ್ಕೇ ಒಂದು ಮುರಿತಕ್ಕೆ ‘ಇವನಲ್ಲ’ ಎನ್ನುವುದಿಲ್ಲ, ಸಾಮಾನ್ಯವಾಗಿ ಮೂರಾದರೂ ಬೇಕು. ಆ ಜಾಗಕ್ಕೆ 0.003ರಂಥ ಸಣ್ಣ ಸಂಖ್ಯೆ ಹಾಕಿ ಗುಣಿಸುತ್ತೇವೆ. ಉಳಿದ 19 ಜಾಗ ಗಟ್ಟಿಯಿದ್ದರೆ ಆಗಲೂ 99.9ರ ಮೇಲೆಯೇ ನಿಲ್ಲುತ್ತದೆ. ಮಗು ಬರೀ 15, ಅಪ್ಪ ಬರೀ 12 ಎಂದು ತೋರಿದರೆ ಕಾರಣ ಬೇರೆಯದಿರಬಹುದು: ಪಿಸಿಆರ್ ನಕಲು ಶುರುಮಾಡಲು ಬೇಕಾದ ಪ್ರೈಮರ್ ಎಂಬ ಚಿಕ್ಕ ತುಣುಕು ಕೂರುವ ಜಾಗದಲ್ಲೇ ಅಕ್ಷರ ಬದಲಾಗಿ, ಇಬ್ಬರಲ್ಲೂ ಇರುವ ಒಂದು ಸಂಖ್ಯೆ ಕಾಣದೇ ಹೋಗಿರುತ್ತದೆ. ಬೇರೆ ಕಂಪನಿಯ ಕಿಟ್‌ನಲ್ಲಿ ಓಡಿಸಿದರೆ ಪ್ರತ್ಯಕ್ಷವಾಗುತ್ತದೆ.

ಒಂದೆರಡು ಮುರಿತಕ್ಕೆ ಮೂರನೆಯ ಕಾರಣವೂ ಇದೆ, ಅದನ್ನು ಹೇಳಲು ಯಾರಿಗೂ ಇಷ್ಟವಿಲ್ಲ. ನಿಜವಾದ ತಂದೆ ಈತನ ಅಣ್ಣನೋ ತಮ್ಮನೋ ಆಗಿದ್ದರೆ ಬಹುಪಾಲು ಜಾಗಗಳು ಹೊಂದುತ್ತವೆ. ವರದಿಯ ಶೇಕಡಾವಾರು ಹೋಲಿಸುವುದು ಸಂಬಂಧವಿಲ್ಲದ ದಾರಿಹೋಕನ ಜೊತೆ, ಮನೆಯವನ ಜೊತೆ ಅಲ್ಲ. ವೈ ವರ್ಣತಂತುವಿನ ಪರೀಕ್ಷೆಯೂ ಇಲ್ಲಿ ಕೈಕೊಡುತ್ತದೆ, ಅಣ್ಣತಮ್ಮ, ಅಪ್ಪ, ಚಿಕ್ಕಪ್ಪ, ದಾಯಾದಿ ಎಲ್ಲರದೂ ಒಂದೇ ವೈ. ಅಂಥ ಸಂಶಯವಿದ್ದರೆ ಆದೇಶದಲ್ಲೇ ಅಣ್ಣತಮ್ಮಂದಿರ ಮಾದರಿಯನ್ನೂ ಕೇಳಿಸಿಕೊಳ್ಳಬೇಕು. ವಕೀಲರಿಗೆ ಇದು ಗೊತ್ತಿರುವುದು ಕಡಿಮೆ.

ತಂದೆ ತೀರಿಕೊಂಡಿದ್ದರೆ ಅವನ ಅಪ್ಪಅಮ್ಮ ಇಬ್ಬರೂ ಸಿಕ್ಕರೆ ಸಾಕು, ಕೆಲಸ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಆಗುತ್ತದೆ. ಮಗು ಹೆಣ್ಣಾಗಿದ್ದು ಅಜ್ಜಿ ಮಾತ್ರ ಇದ್ದರೆ ಎಕ್ಸ್ ವರ್ಣತಂತು ನೋಡಬಹುದು, ಅಪ್ಪನ ಒಂದೇ ಎಕ್ಸ್ ಅಜ್ಜಿಯಿಂದ ಬಂದದ್ದು, ಅದು ಮಗಳಿಗೆ ಹೋಗಲೇಬೇಕು. ಹೂತ ಶವವಾದರೆ ತೊಡೆಯ ಮೂಳೆ ಅಥವಾ ಒಡೆಯದ ದವಡೆಹಲ್ಲು. ಆಸ್ಪತ್ರೆಯಲ್ಲಿ ಫಾರ್ಮಲಿನ್‌ನಲ್ಲಿ ಇಟ್ಟ ಅಂಗಾಂಶವನ್ನು ಆದಷ್ಟು ತರಬೇಡಿ ಎನ್ನುತ್ತೇವೆ, ಫಾರ್ಮಲಿನ್ ಡಿಎನ್‌ಎಯನ್ನು ಕಟ್ಟಿಹಾಕಿ ಕತ್ತರಿಸಿಬಿಡುತ್ತದೆ.

ಹುಟ್ಟುವ ಮೊದಲೇ ಗೊತ್ತಾಗುವುದಿಲ್ಲವೇ ಎಂದೂ ಕೇಳುತ್ತಾರೆ. ಗರ್ಭಿಣಿಯ ರಕ್ತದಲ್ಲಿ ಭ್ರೂಣದ ಡಿಎನ್‌ಎ ತೇಲುತ್ತಿರುತ್ತದೆ ಎಂದು ವಿಜ್ಞಾನಿ ಡೆನಿಸ್ ಲೋ ಮತ್ತು ಸಂಗಡಿಗರು 1997ರಲ್ಲೇ ತೋರಿಸಿದ್ದಾರೆ, ಹೊರದೇಶಗಳಲ್ಲಿ ಅದರಿಂದ ಪರೀಕ್ಷೆ ನಡೆಯುತ್ತದೆ. ಇಲ್ಲಿ ಪ್ರಸವಪೂರ್ವ ಪರೀಕ್ಷೆಯನ್ನು ಯಾವುದಕ್ಕೆ ಮಾಡಬಹುದೆಂದು ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಪಟ್ಟಿ ಕೊಟ್ಟಿದೆ, ಅದರಲ್ಲಿರುವುದು ವಂಶವಾಹಿ ಕಾಯಿಲೆ, ಅಂಗವೈಕಲ್ಯದಂಥವು. ಪಿತೃತ್ವ ಅದರಲ್ಲಿಲ್ಲ.

ವರದಿ ಬರೆಯುವುದು ಎರಡೇ ಬಗೆ. ‘ಮಗುವಿನ ಜೈವಿಕ ತಂದೆ ಎಂಬುದರಿಂದ ಈತನನ್ನು ಹೊರಗಿಡಲಾಗಿದೆ’ ಅಥವಾ ‘ಹೊರಗಿಡಲಾಗಿಲ್ಲ’, ಅದರ ಕೆಳಗೆ ಸಂಖ್ಯೆಗಳ ಪಟ್ಟಿ, ಬಳಸಿದ ಕಿಟ್, ಸೂಚ್ಯಂಕ. ಹೊರಗಿಟ್ಟ ವರದಿಯಾದರೆ ಕಾರ್ಡಿನಿಂದ ಇನ್ನೊಂದು ಚುಕ್ಕೆ ಕತ್ತರಿಸಿ, ಬೇರೊಬ್ಬರ ಕೈಯಿಂದ, ಬೇರೆ ದಿನ ಮತ್ತೆ ಓಡಿಸಿದ ಮೇಲೆಯೇ ಸಹಿ. ಆಮೇಲೆ ಲಕೋಟೆ, ಅರಗು, ಮೊಹರು. ಅದು ಹೋಗುವುದು ಕೋರ್ಟಿಗೆ ಮಾತ್ರ. ನಡುವೆ ಎರಡೂ ಕಡೆಯವರು ಫೋನ್ ಮಾಡುತ್ತಾರೆ, ‘ಹೌದು ಅಂತಾನಾ ಇಲ್ಲ ಅಂತಾನಾ, ಅಷ್ಟು ಹೇಳಿಬಿಡಿ ಸಾರ್’ ಎಂದು. ನಾವು ಕೇಸಿನ ನಂಬರ್ ಕೇಳಿ, ಕಳಿಸಿದ ತಾರೀಖು ಮಾತ್ರ ಹೇಳಿ ಇಡುತ್ತೇವೆ.